ಎರಡು ಗಂಟಿನ ಕ್ಯಾಸೆಟ್ಟು

ಮೂವತ್ತನಾಲ್ಕು ವರ್ಷ ನಾನು ಮಾಡಿದ್ದು ಒಂದೇ ಕೆಲಸ, ಲೇಬಲ್. ಶಿವಾಜಿನಗರದ ಗಲ್ಲಿಯೊಂದರ ಸಣ್ಣ ಪ್ರೆಸ್ಸು. ಉಪ್ಪಿನಕಾಯಿ ಬಾಟಲಿ, ಊದುಬತ್ತಿ ಪ್ಯಾಕೆಟ್ಟು, ಕೆಮ್ಮಿನ ಔಷಧಿ, ಯಾರು ಏನು ತುಂಬಿ ಮಾರಿದರೂ ಅದರ ಮೈಗೆ ಅಂಟುವ ಕಾಗದ ನಮ್ಮದು. ನನಗೆ ಕೆಲಸ ಕಲಿಸಿದ ಮೇಸ್ತ್ರಿ ತಮಿಳು, ಕನ್ನಡ, ಉರ್ದು ಮೂರರಲ್ಲೂ ಒಂದೇ ಉಸಿರಿಗೆ ಬೈಯಬಲ್ಲ ಮನುಷ್ಯ. "ಲೇಬಲ್ ಸೊಟ್ಟಗಿದ್ರೆ ಒಳಗಿರೋ ಮಾಲೂ ಕೆಟ್ಟೋಗಿದೆ ಅನ್ಕೋತಾರೆ ಕಣಪ್ಪ" ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಅದು ನನ್ನ ತಲೆಯಲ್ಲಿ ಹೇಗೆ ಕೂತುಬಿಟ್ಟಿತೆಂದರೆ, ಇವತ್ತಿಗೂ ಮದುವೆ ಊಟಕ್ಕೆ ಕೂತರೆ ಮೊದಲು ನೀರಿನ ಬಾಟಲಿಯ ಲೇಬಲ್ ನೋಡುತ್ತೇನೆ, ಆಮೇಲೆ ಎಲೆ. "ನನ್ನ ನೋಡೋಕ್ ಬಂದಾಗ್ಲೂ ಇವ್ರು ಹಣೆಗಿಟ್ಟ ಕುಂಕುಮ ಸೊಟ್ಟಗಿದ್ಯಾ ಅಂತಾನೇ ನೋಡಿದ್ದು" ಎಂದು ನನ್ನ ಹೆಂಡತಿ ಬಂದವರ ಮುಂದೆಲ್ಲ ಆಡಿಕೊಳ್ಳುತ್ತಾಳೆ. ಆಡಿಕೊಳ್ಳಲಿ, ಸುಳ್ಳೇನಲ್ಲ.

ಇಂಥ ನಾನು ಕೊನೆಯದಾಗಿ ಮಾಡಿದ್ದು ನನ್ನ ತಾಯಿಯ ಕ್ಯಾಸೆಟ್ಟುಗಳ ಲೇಬಲ್. ಎಪ್ಪತ್ತೆರಡು ಕ್ಯಾಸೆಟ್ಟು, ಎಪ್ಪತ್ತೆರಡು ಲೇಬಲ್ಲು. ಒಂದೂ ಸೊಟ್ಟ ಇರಲಿಲ್ಲ. ನಾನು ಮಾಡಿದ ಕೆಲಸಗಳಲ್ಲೆಲ್ಲ ಅಷ್ಟು ಹಾಳು ಕೆಲಸ ಇನ್ನೊಂದಿಲ್ಲ.

ಅಮ್ಮನ ವಿಷಯ ಮೊದಲು ಹೇಳಬೇಕು. ಈಗ ರಾಮಮೂರ್ತಿ ನಗರದಲ್ಲಿ ನಮ್ಮ ಮನೆ ಇರುವ ಜಾಗದಲ್ಲಿ ಆಗ ಸೊಪ್ಪಿನ ಹೊಲ ಇತ್ತು. ಕೆಳಗೆ ಅಮ್ಮನದೂ ಬಾಡಿಗೆಯವರದೂ ಕೋಣೆಗಳು, ಮೇಲೆ ನಾವು, ಅದರ ಮೇಲೆ ಸಿಂಟೆಕ್ಸ್ ಟ್ಯಾಂಕು ಇರುವ ಈ ಕಟ್ಟಡದ ಅಡಿಯಲ್ಲಿ ದಂಟು, ಕೊತ್ತಂಬರಿ, ಸಬ್ಬಸಿಗೆ ಬೆಳೆಯುತ್ತಿತ್ತು ಎಂದರೆ ನನ್ನ ಮೊಮ್ಮಗಳು ನಗುತ್ತಾಳೆ. ಅಮ್ಮ ಮತ್ತು ಅವಳ ಒಡಹುಟ್ಟಿದ ತಂಗಿ, ನನ್ನ ಚಿಕ್ಕಮ್ಮ, ಇಬ್ಬರನ್ನೂ ಒಂದೇ ಮನೆಯ ಅಣ್ಣತಮ್ಮಂದಿರಿಗೆ ಕೊಟ್ಟಿದ್ದರು. ಅಕ್ಕತಂಗಿಯರು ಒಟ್ಟಿಗೆ ಸೊಪ್ಪು ಕೀಳುತ್ತಿದ್ದರು, ಒಟ್ಟಿಗೆ ಕಟ್ಟು ಕಟ್ಟುತ್ತಿದ್ದರು, ನಸುಕಿಗೇ ಎದ್ದು ಊರಿನ ಹೆಂಗಸರ ಜೊತೆ ಒಂದೇ ಟೆಂಪೋದಲ್ಲಿ ರಸೆಲ್ ಮಾರುಕಟ್ಟೆಗೆ ಹೋಗುತ್ತಿದ್ದರು.

ಆ ಟೆಂಪೋದಲ್ಲಿ ಹತ್ತು ಹದಿನೈದು ಮನೆಗಳ ಮೂಟೆ ಒಟ್ಟಿಗೆ ಇರುತ್ತಿದ್ದವು. ಗೋಣಿ ಎಲ್ಲಾ ಒಂದೇ ಬಣ್ಣ, ಒಂದೇ ಒದ್ದೆ. ಯಾರದು ಯಾವುದು ಎಂದು ಬರೆದುಕೊಳ್ಳಲು ಆ ಹೆಂಗಸರಲ್ಲಿ ಒಬ್ಬರಿಗೂ ಅಕ್ಷರ ಬರುತ್ತಿರಲಿಲ್ಲ. ಅದಕ್ಕೇ ಮನೆಗೊಂದು ಗುರುತು. ಒಬ್ಬರದು ತೆಂಗಿನ ನಾರು, ಒಬ್ಬರದು ಹಳದಿ ಬಟ್ಟೆ, ಒಬ್ಬರದು ಮುರಿದ ಬಳೆ. ಅಮ್ಮನ ಮೂಟೆಗೆ ಕೆಂಪು ಚಿಂದಿ, ಒಂದು ಗಂಟು. ಚಿಕ್ಕಮ್ಮನದಕ್ಕೆ ಅದೇ ಕೆಂಪು ಚಿಂದಿ, ಎರಡು ಗಂಟು. ಇಸ್ಕೂಲಿಗೆ ಹೋಗುವ ಮೊದಲು ಎಷ್ಟೋ ದಿನ ನಾನೂ ಜೊತೆಗೆ ಹೋಗಿ, ಮಾರುಕಟ್ಟೆಯ ಬಾಗಿಲಲ್ಲಿ ಮೂಟೆ ಇಳಿಸಿ ಬಂದಿದ್ದೇನೆ. ಸರಿಯಾಗಿ ಬೆಳಕು ಹರಿದಿರುತ್ತಿರಲಿಲ್ಲ. ಕಣ್ಣಲ್ಲಿ ನೋಡುತ್ತಿರಲಿಲ್ಲ, ಬಾಯಿಕಟ್ಟಿನ ಹತ್ತಿರ ಬೆರಳಾಡಿಸಿ ಗಂಟು ಮುಟ್ಟಿ ನೋಡುತ್ತಿದ್ದೆ. ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ ಎಂದರೆ, ನನಗೆ ಗೊತ್ತಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವ ದಾರಿ ನನಗಿಲ್ಲ.

ಹೊಲ ಹೋಗಿ ಸೈಟುಗಳಾದ ಕಾಲಕ್ಕೆ ಮನೆಗೆ ರೇಡಿಯೋ ಇರುವ ಒಂದು ಟೇಪ್ ರೆಕಾರ್ಡರ್ ಬಂತು. ಅಪ್ಪ ತಂದದ್ದು ವಾರ್ತೆ ಕೇಳಲು. ಆದರೆ ಅದು ಅಮ್ಮನ ಕೈಗೆ ಹೋಯಿತು. ಕೆಂಪು ಗುಂಡಿ ಒತ್ತಿದರೆ ಮಾತು ಒಳಗೆ ಉಳಿಯುತ್ತದೆ ಎಂದು ಯಾರು ಹೇಳಿಕೊಟ್ಟರೋ, ಅವಳು ಎಲ್ಲಿ ಮದುವೆ, ಎಲ್ಲಿ ಸೀಮಂತ ಎಂದರೂ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಡುತ್ತಿದ್ದಳು. ಸೋಬಾನೆ ಪದ, ಶನಿವಾರದ ಭಜನೆ, ಊರಿಗೆ ಬಂದ ಹರಿಕಥೆ, ಎಲ್ಲಾ ತುಂಬಿಸಿದಳು. ಖಾಲಿ ಕ್ಯಾಸೆಟ್ಟನ್ನು ನಾನೇ ಶಿವಾಜಿನಗರದಿಂದ ತಂದುಕೊಡುತ್ತಿದ್ದೆ. ಅಮ್ಮನಿಗೆ ಹಾಡಲು ಬರುತ್ತಿರಲಿಲ್ಲ. ಹಾಡುತ್ತಿದ್ದವಳು ಚಿಕ್ಕಮ್ಮ. ಒಂದು ಪದ ಎತ್ತಿಕೊಂಡಳೆಂದರೆ ಅಡುಗೆಮನೆಯಲ್ಲಿ ಪಾತ್ರೆ ಸದ್ದು ನಿಲ್ಲುತ್ತಿತ್ತು.

ಅಂಥ ಚಿಕ್ಕಮ್ಮ ಅರವತ್ತು ತುಂಬುವ ಮೊದಲೇ ಹೋಗಿಬಿಟ್ಟಳು. ಗೌರಿ ಹಬ್ಬದ ದಿನ ಇಬ್ಬರೂ ಕೂತು ಬಾಗಿನ ಬದಲಾಯಿಸಿಕೊಳ್ಳುತ್ತಿದ್ದರು. ಅವಳು ಹೋದ ಮೇಲೆ ಅಮ್ಮ ಹಬ್ಬದ ಬೆಳಿಗ್ಗೆ ತಂಗಿಯ ಪಾಲಿನ ಮೊರವನ್ನು ಟೇಪ್ ರೆಕಾರ್ಡರ್ ಮುಂದೆ ಇಟ್ಟು, ಚಿಕ್ಕಮ್ಮ ಹಾಡಿದ ಕ್ಯಾಸೆಟ್ಟು ಹಾಕುತ್ತಿದ್ದಳು. ಕೆಂಪು ಗುಂಡಿ ಒತ್ತಿದ್ದು ಕಂಡರೆ ಚಿಕ್ಕಮ್ಮ ನಾಚಿ ಹಾಡು ನಿಲ್ಲಿಸಿಬಿಡುತ್ತಿದ್ದಳು, ಅವಳ ದನಿ ಉಳಿದಿದ್ದದ್ದು ಆ ಒಂದರಲ್ಲಿ ಮಾತ್ರ. ಪ್ರತಿ ವರ್ಷ ಅದು ನನ್ನ ಕಿವಿಗೆ ಬೀಳುತ್ತಿತ್ತು. ಅಷ್ಟು ಕ್ಯಾಸೆಟ್ಟಿನಲ್ಲಿ ಅದೊಂದನ್ನು ಓದಲು ಬಾರದ ಅಮ್ಮ ಹೇಗೆ ಹುಡುಕಿ ತೆಗೆಯುತ್ತಾಳೆ ಎಂದು ಒಂದು ಸಲವೂ ಯೋಚಿಸಲಿಲ್ಲ. ನಲ್ಲಿ ತಿರುಗಿಸಿದರೆ ನೀರು ಬರುತ್ತದೆ, ಹಬ್ಬ ಬಂದರೆ ಚಿಕ್ಕಮ್ಮನ ದನಿ ಬರುತ್ತದೆ, ಅಷ್ಟೇ.

ರಿಟೈರ್ ಆದ ಮೇಲೆ ಕೈ ಸುಮ್ಮನಿರಲಿಲ್ಲ. ಕೆಳಗಿನ ಅಮ್ಮನ ಕೋಣೆಗೆ ಹೋದಾಗಲೆಲ್ಲ ಆ ಕ್ಯಾಸೆಟ್ಟುಗಳ ಗೂಡು ಕಣ್ಣಿಗೆ ಚುಚ್ಚುತ್ತಿತ್ತು. ಒಂದರ ಮೇಲೆ ಹಣೆಗಿಡುವ ಸ್ಟಿಕರ್, ಒಂದಕ್ಕೆ ಅಂಗಿಯ ಗುಂಡಿ, ಒಂದಕ್ಕೆ ಬೆಂಕಿಕಡ್ಡಿ ಅಂಟಿಸಿದೆ, ಇನ್ನೊಂದಕ್ಕೆ ಉಗುರುಬಣ್ಣದ ತೊಟ್ಟು, ಮತ್ತೊಂದಕ್ಕೆ ದಾರ. ಮೂವತ್ತನಾಲ್ಕು ವರ್ಷ ಊರಿಗೆಲ್ಲ ಲೇಬಲ್ ಮಾಡಿದವನ ಮನೆಯಲ್ಲಿ ಇಂಥ ಗಲೀಜೇ ಎಂದು ಸಿಟ್ಟೇ ಬರುತ್ತಿತ್ತು. ಎರಡು ವರ್ಷದ ಹಿಂದೆ, ಶ್ರಾವಣದ ಮೊದಲಲ್ಲಿ, ಕೆ.ಆರ್. ಪುರದಲ್ಲಿರುವ ನನ್ನ ತಂಗಿಯ ಮಗಳಿಗೆ ಹೆರಿಗೆಯಾಯಿತು. ಮರಿಮಗುವನ್ನು ನೋಡಲು ಹೋದ ಅಮ್ಮ ಹದಿನೈದು ದಿನ ಅಲ್ಲೇ ಉಳಿದಳು. ಇದೇ ಸಮಯ ಎಂದುಕೊಂಡೆ.

"ಅತ್ತೇನ ಒಂದ್ಮಾತು ಕೇಳ್ಬಿಟ್ಟು ಮಾಡ್ರೀ," ಎಂದಳು ಹೆಂಡತಿ.

"ಏನ್ ಕೇಳೋದು? ಬಂದು ನೋಡ್ಲಿ, ಖುಷಿಯಾಗ್ತಾಳೆ."

"ಅವ್ರ ಸಾಮಾನು ಅವ್ರದು. ಆಮೇಲೆ ನನ್ ಕೇಳ್ಬೇಡಿ."

"ಲೇಬಲ್ ವಿಷ್ಯದಲ್ಲಿ ನಂಗೇ ಹೇಳ್ಕೊಡೋಕ್ ಬರ್ತೀಯಾ?" ಎಂದು ಅವಳ ಬಾಯಿ ಮುಚ್ಚಿಸಿದೆ. ಬಾಯಿ ಮುಚ್ಚಿಸುವುದರಲ್ಲಿ ನಾನು ಯಾವತ್ತೂ ಜಾಣ.

ಮೊದಲು ಕ್ಯಾಸೆಟ್ಟಿನ ಡಬ್ಬಿಗಳನ್ನೆಲ್ಲ ನೆಲದ ಮೇಲೆ ಹರಡಿದೆ. ಸ್ಟಿಕರ್, ಗುಂಡಿ, ಕಡ್ಡಿ ಎಲ್ಲವನ್ನೂ ಬ್ಲೇಡಿನಿಂದ ಎಬ್ಬಿಸಿದೆ. ಅಂಟು ಹೋಗದ ಕಡೆ ಸೀಮೆಎಣ್ಣೆ ಹಚ್ಚಿ ಉಜ್ಜಿದೆ. ಉಗುರುಬಣ್ಣ ಹೋಗಲು ಹೆಂಡತಿಯ ಬಾಟಲಿ ಪೂರ್ತಿ ಖರ್ಚು ಮಾಡಿದೆ. ಒಂದು ಡಬ್ಬಿಗೆ ಕೆಂಪು ದಾರ ಸುತ್ತಿ ಕಟ್ಟಿತ್ತು. ಎಳೆದರೆ ಬರಲಿಲ್ಲ, ಗಂಟು ಬಿಗಿಯಾಗಿತ್ತು. ಬೆರಳಲ್ಲಿ ಗಂಟು ಸಿಕ್ಕಿತು, ಅದರ ಮೇಲೆ ಇನ್ನೊಂದು. ಒಂದು ಕ್ಷಣ ಕೈ ನಿಂತಿತು. ನಿಜ ಹೇಳುತ್ತೇನೆ, ನಿಂತಿತು. ಬೆರಳಿಗೆ ಏನೋ ಗೊತ್ತಾಗಿತ್ತು, ತಲೆಗೆ ಗೊತ್ತಾಗಲಿಲ್ಲ. ಕತ್ತರಿ ತಗೊಂಡು ಕತ್ತರಿಸಿ, ಉಳಿದ ಕಸದ ಜೊತೆ ಗುಡಿಸಿ ಹಾಕಿದೆ.

ಆಮೇಲೆ ಒಂದೊಂದೇ ಕ್ಯಾಸೆಟ್ಟು ಹಾಕಿ ಕೇಳಿದೆ. ಪೂರ್ತಿ ಕೇಳಲು ಯಾರಿಗೆ ತಾಳ್ಮೆ ಇದೆ? ಎರಡೆರಡು ನಿಮಿಷ. ಸೋಬಾನೆ ಕೇಳಿದರೆ ಸೋಬಾನೆ, ಭಜನೆ ಕೇಳಿದರೆ ಭಜನೆ, ಹರಿಕಥೆಯಾದರೆ ಹರಿಕಥೆ. ಕೆಲವದರಲ್ಲಿ ಬರೀ ಪಾತ್ರೆ ಸದ್ದು, ಮಕ್ಕಳ ಅಳು, ಹೆಂಗಸರ ನಗು. ಅವುಗಳನ್ನು 'ಇತರೆ' ಎಂದು ಬೇರೆ ಇಟ್ಟೆ. ಮೊಮ್ಮಗಳ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿದೆ, ನಮ್ಮ ಹಳೇ ಪ್ರೆಸ್ಸಿಗೆ ಹೋಗಿ ಒಳ್ಳೆ ಸ್ಟಿಕರ್ ಶೀಟಿನ ಮೇಲೆ ಪ್ರಿಂಟ್ ಹಾಕಿಸಿದೆ, ಕಟಿಂಗ್ ಮೆಷಿನ್ನಿನ ಮುಂದೆ ನಾನೇ ನಿಂತು ಕತ್ತರಿಸಿದೆ. ತಿಳಿ ಹಳದಿ ಕಾಗದ, ಕಂದು ಅಕ್ಷರ, ಸುತ್ತ ಸಣ್ಣ ಗೆರೆ. ಎಡಗಡೆ ಕ್ರಮಸಂಖ್ಯೆ. ಗೂಡಿನಲ್ಲಿ ಸೋಬಾನೆ ಮೊದಲು, ಇತರೆ ಕೊನೆಗೆ, ಒಂದರಿಂದ ಎಪ್ಪತ್ತೆರಡರವರೆಗೆ ಜೋಡಿಸಿ, ಗೋಡೆಗೆ ಒಂದು ಪಟ್ಟಿಯನ್ನೂ ಅಂಟಿಸಿದೆ. ದೂರ ನಿಂತು ನೋಡಿದರೆ ಮಿಲಿಟರಿ ಪರೇಡು ನಿಂತ ಹಾಗಿತ್ತು. ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ?

ಅಮ್ಮ ಬಂದಳು. ಕೈಕಾಲು ತೊಳೆದು ಒಳಗೆ ಹೋದವಳು ಗೂಡಿನ ಮುಂದೆ ನಿಂತುಬಿಟ್ಟಳು. ಬಲಗೈ ಎತ್ತಿ ಸಾಲಿನ ಉದ್ದಕ್ಕೂ ಬೆರಳಾಡಿಸಿದಳು, ಈ ತುದಿಯಿಂದ ಆ ತುದಿಗೆ. ಮತ್ತೆ ಆ ತುದಿಯಿಂದ ಈ ತುದಿಗೆ.

"ಏನ್ ಮಗ ಇದು, ಎಲ್ಲಾ ಒಂದೇ ತರ ಮಾಡ್ಬುಟ್ಟಿದ್ದೀಯಾ?"

"ಹೂಂನಮ್ಮಾ, ಅದೇ ಬೇಕಾಗಿದ್ದು! ಹೆಂಗಿದೆ?"

ಅವಳು ತಿರುಗಿ ನನ್ನ ಮುಖ ನೋಡಿದಳು. ನಾನು ಹಲ್ಲು ಬಿಟ್ಟುಕೊಂಡು ನಿಂತಿದ್ದೆ ಎಂದು ಕಾಣುತ್ತದೆ. "ಚೆಂದಾಗೈತೆ ಕಣಪ್ಪ," ಎಂದಳು. "ಭಾಳ ಚೆಂದಾಗೈತೆ. ಕಷ್ಟ ಬಿದ್ದಿದ್ದೀಯ." ಮೇಲಕ್ಕೆ ಬಂದು ಹೆಂಡತಿಗೆ, ನೋಡು, ನಾನು ಹೇಳಲಿಲ್ಲವಾ ಎಂದೆ.

ಗೌರಿ ಹಬ್ಬ ಬಂತು. ಹೂವು, ಬಾಳೆಕಂದು ತರಲು ಬೆಳಿಗ್ಗೆಯೇ ಹೋಗಿ, ಆ ಜನಜಂಗುಳಿಯಲ್ಲಿ ತಳ್ಳಿಸಿಕೊಂಡು, ದಾರಿಯಲ್ಲಿ ಸ್ಕೂಟರ್ ಕೆಟ್ಟು ತಳ್ಳಿಕೊಂಡು ಬಂದಿದ್ದೆ. ಮೈಯೆಲ್ಲಾ ಬೆವರು, ತಲೆಯೆಲ್ಲಾ ಕೋಪ. ಅಮ್ಮ ಮಡಿಸೀರೆ ಉಟ್ಟು ತನ್ನ ಬಾಗಿಲಲ್ಲಿ ಕಾಯುತ್ತಿದ್ದಳು. ಒಳಗೆ ಟೇಪ್ ರೆಕಾರ್ಡರ್ ಮುಂದೆ ಮೊರ ಇಟ್ಟಾಗಿತ್ತು.

"ಮಗಾ, ನಿನ್ ಚಿಕ್ಕಮ್ಮಂದು ಯಾವ್ದಪ್ಪ ಅದ್ರಲ್ಲಿ?"

"ಅಯ್ಯೋ, ಈಗ್ಲೇ ಕೇಳ್ಬೇಕಾ? ಎಲ್ಲಾ ಬರ್ದಿದೀನಲ್ಲಮ್ಮ! ಗೋಡೆ ಮೇಲೆ ಪಟ್ಟಿ ಐತೆ, ನೋಡ್ಕೋ!"

ಓದಲು ಬಾರದವಳಿಗೆ ಪಟ್ಟಿ ನೋಡಿಕೋ ಎಂದೆ. ಹಬ್ಬದ ದಿನ, ಬಾಗಿನ ಹಿಡಿದು ನಿಂತವಳಿಗೆ. "ಆಗ್ಲಿ ಬುಡು, ನೀನ್ ಸುಸ್ತಾಗಿದ್ದೀಯ, ಮಜ್ಜಿಗೆ ಕುಡಿ ಹೋಗು," ಎಂದಳು. ಮಧ್ಯಾಹ್ನ ಹುಡುಕಿಕೊಟ್ಟರಾಯಿತು ಎಂದು ಮಜ್ಜಿಗೆ ಕುಡಿದೆ, ಹೋಳಿಗೆ ಉಂಡೆ, ಮಲಗಿದೆ. ಆ ವರ್ಷ ನಮ್ಮ ಮನೆಯಲ್ಲಿ ಚಿಕ್ಕಮ್ಮನ ದನಿ ಕೇಳಲಿಲ್ಲ. ಅದು ಕೇಳಲಿಲ್ಲ ಎಂಬುದೂ ನನ್ನ ಗಮನಕ್ಕೆ ಬರಲಿಲ್ಲ.

ಆಮೇಲೆ ಅಮ್ಮ ಟೇಪ್ ರೆಕಾರ್ಡರ್ ಮುಟ್ಟುವುದನ್ನೇ ಬಿಟ್ಟಳು, ಅಥವಾ ನಾನು ಹಾಗೆಂದುಕೊಂಡೆ. ಸಂಜೆ ಹೊತ್ತು ಕೆಳಗಿನಿಂದ ಬರುತ್ತಿದ್ದ ಹಾಡು ನಿಂತಿತು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ. "ಅಷ್ಟು ಕಷ್ಟಪಟ್ಟು ಮಾಡ್ಕೊಟ್ಟಿದೀನಿ, ಒಂದಿನಾನಾದ್ರೂ ಹಾಕ್ಕೊಂಡು ಕೇಳ್ತೀಯೇನಮ್ಮ ನೀನು?"

"ಕಿವಿ ಮಂದ ಆಗೈತೆ ಕಣೋ," ಎಂದಳು. "ಕೇಳಕ್ಕಿಲ್ಲ ಸರ್ಯಾಗಿ."

ಬೀದಿ ತುದಿಯಲ್ಲಿ ಸೊಪ್ಪಿನವಳು ಕೂಗಿದರೆ ಎದ್ದು ಹೋಗುವವಳಿಗೆ ಕಿವಿ ಮಂದವಂತೆ. ನಾನು ನಂಬಿದೆ. ನಂಬುವುದು ನನಗೆ ಅನುಕೂಲವಾಗಿತ್ತು.

ಮುಂದಿನ ಆಷಾಢದಲ್ಲಿ ಅಮ್ಮ ತೀರಿಕೊಂಡಳು. ಕೆಮ್ಮು, ಜ್ವರ, ನಾಲ್ಕು ದಿನ. ಗೌರಿ ಹಬ್ಬಕ್ಕೆ ಇನ್ನೂ ಎರಡು ತಿಂಗಳಿತ್ತು.

ಕಾರ್ಯವೆಲ್ಲ ಮುಗಿದ ಮಾರನೆಯ ದಿನ ಕೆಳಗಿನ ಕೋಣೆ ಗುಡಿಸುತ್ತಿದ್ದೆ. ಅಮ್ಮನ ಪಕ್ಕದ ಕೋಣೆಯಲ್ಲಿ ರಾಯಚೂರು ಕಡೆಯ ಗಂಡಹೆಂಡತಿ ಬಾಡಿಗೆಗಿದ್ದಾರೆ. ಗಂಡ ಗಾರೆಕೆಲಸಕ್ಕೆ ಹೋಗುತ್ತಾನೆ, ಹೆಂಡತಿ ಎರಡು ಮನೆಯ ಅಡುಗೆ ಮುಗಿಸಿ ಮಧ್ಯಾಹ್ನಕ್ಕೆ ಬಂದುಬಿಡುತ್ತಾಳೆ. ಅವಳು ಬಾಗಿಲಲ್ಲಿ ನಿಂತು ಗೂಡಿನ ಕಡೆ ನೋಡಿ ಕಣ್ಣೊರೆಸಿಕೊಂಡಳು.

"ಅಜ್ಜಿ ಹಾಡು ಹಚ್ಚಿದ್ರಂದ್ರ ನನಗ ನಮ್ಮೂರಾಗ ಕುಂತಂಗ ಆಗತಿತ್ರಿ ಅಂಕಲ್."

"ಅಮ್ಮ ಎಲ್ಲಿ ಹಾಕ್ತಿದ್ರಮ್ಮ? ಬಿಟ್ಬಿಟ್ಟಿದ್ರಲ್ಲ."

"ಇಲ್ರಿ, ನೀವು ಹೊರಗ ಹೋದ ದಿನ ತಪ್ಪದ ಹಚ್ಚತಿದ್ರು. ಸಣ್ಣಗ ಇಟ್ಟು, ಕಿವಿ ಹಚ್ಚಿ ಕುಂತು ಕೇಳತಿದ್ರು."

ಮಂಗಳವಾರ, ಶುಕ್ರವಾರ ಮಧ್ಯಾಹ್ನ ನಾನು ಹೆಂಡತಿಯನ್ನು ಕುಕ್ ಟೌನಿನಲ್ಲಿರುವ ಮಗಳ ಮನೆಗೆ ಬಿಟ್ಟು, ಹಾಗೇ ಹಳೇ ಪ್ರೆಸ್ಸಿನ ಕಡೆ ಹೋಗಿ ಹರಟೆ ಹೊಡೆದು ಬರುತ್ತಿದ್ದೆ. ಆ ಹೊತ್ತಿನಲ್ಲಿ.

"ಒಂದಿನ ಒಂದು ಡಬ್ಬಿ ಹಿಡಕೊಂಡು ಬಂದು, ಇದರಾಗ ಏನು ಬರದೈತಿ ಓದವ್ವಾ ಅಂದ್ರು. 'ಸೋಬಾನೆ ಪದಗಳು, ಹನ್ನೊಂದು' ಅಂತ ಓದಿ ಹೇಳಿದೆ. ಯಾರು ಹಾಡ್ಯಾರಂತ ಬರದಿಲ್ಲೇನು ಅಂದ್ರು. ಇಲ್ಲಜ್ಜೀ, ಅದು ಬರದಿಲ್ಲ ಅಂದೆ. ಆಮ್ಯಾಗ ಮತ್ತ ಕೇಳಲಿಲ್ರಿ."

ಅಷ್ಟು ವರ್ಷ ಮಾರುಕಟ್ಟೆಯಲ್ಲಿ ಕೂತು ವ್ಯಾಪಾರ ಮಾಡಿದವಳು, ಯಾರೆದುರೂ ತನಗೆ ಓದಲು ಬರುವುದಿಲ್ಲ ಎಂದು ಬಾಯಿಬಿಟ್ಟವಳಲ್ಲ. ಬಸ್ಸಿನ ನಂಬರನ್ನೂ ಯಾರನ್ನೂ ಕೇಳುತ್ತಿರಲಿಲ್ಲ, ಡ್ರೈವರನ ಮುಖ ನೋಡಿ ಹತ್ತುತ್ತಿದ್ದಳು. ಅಂಥವಳು ಬಾಡಿಗೆಯ ಹುಡುಗಿಯ ಮುಂದೆ ಹೋಗಿ ನಿಲ್ಲುವ ಹಾಗೆ ಮಾಡಿದವನು ನಾನು. ನನ್ನನ್ನೇ ಇನ್ನೊಂದು ಸಲ ಕೇಳಬಹುದಿತ್ತು. ಕೇಳಲಿಲ್ಲ, ಯಾಕೆಂದರೆ ಒಂದು ಸಲ ಕೇಳಿದ್ದಕ್ಕೆ ಏನು ಸಿಕ್ಕಿತೆಂದು ಅವಳಿಗೆ ಗೊತ್ತಿತ್ತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎನ್ನುತ್ತಾರೆ. ಬರುವುದಿಲ್ಲ.

ಆ ಹೆಂಗಸು ಹೋದ ಮೇಲೆ ಗೂಡಿನಿಂದ ಮೊದಲನೇ ಕ್ಯಾಸೆಟ್ಟು ತೆಗೆದೆ. ಲೇಬಲ್ ನಾನು ಅಂಟಿಸಿದಾಗ ಹೇಗಿತ್ತೋ ಹಾಗೇ ಇತ್ತು. ತಿರುಗಿಸಿದೆ. ಗೂಡಿನಲ್ಲಿಟ್ಟರೆ ಕಾಣದ ಕೆಳಬದಿಯಲ್ಲಿ ಒಂದು ಹಣೆ ಸ್ಟಿಕರ್. ಎರಡನೆಯದಕ್ಕೆ ಎರಡು ಸ್ಟಿಕರ್. ಮೂರನೆಯದಕ್ಕೆ ಬೆಂಕಿಕಡ್ಡಿಯ ಚೂರು. ಅವಳು ಮೊದಲಿನಿಂದ ಶುರು ಮಾಡಿದ್ದಳು. ವಾರಕ್ಕೆ ಎರಡು ಮಧ್ಯಾಹ್ನ, ನಾನು ಮನೆಯಲ್ಲಿಲ್ಲದ ಹೊತ್ತು, ಒಂದೊಂದನ್ನೇ ಎರಡೂ ಬದಿ ಕೇಳಿ, ಇದು ಯಾರ ಮದುವೆಯದು, ಯಾರು ಹಾಡಿದ್ದು ಎಂದು ತಿಳಿದುಕೊಂಡು, ಮತ್ತೆ ಗುರುತು ಹಾಕುತ್ತಾ ಬಂದಿದ್ದಳು. ಅದೂ ನನ್ನ ಲೇಬಲ್ ಕೆಡದ ಹಾಗೆ, ನನಗೆ ಕಾಣದ ಹಾಗೆ, ಕೆಳಗಡೆ. ನೆಲದ ಮೇಲೆ ಕೂತು ಒಂದೊಂದಾಗಿ ತಿರುಗಿಸುತ್ತಾ ಹೋದೆ. ಮೂವತ್ತೊಂದಕ್ಕೆ ಗುಂಡಿ ಇತ್ತು. ಮೂವತ್ತೆರಡರ ಕೆಳಬದಿ ನುಣ್ಣಗಿತ್ತು.

ಗೂಡಿನ ಮೂಲೆಯಲ್ಲಿ ಅವಳ ಎಲೆಅಡಿಕೆ ಡಬ್ಬಿ. ಮುಚ್ಚಳ ತೆಗೆದರೆ ಒಳಗೆ ಸ್ಟಿಕರ್ ಹಾಳೆ, ಗೋಂದಿನ ಟ್ಯೂಬು, ನಾಲ್ಕು ಗುಂಡಿ. ಅವುಗಳ ಅಡಿಯಲ್ಲಿ, ಮಡಿಸಿದ ಕಾಗದದಲ್ಲಿ, ಒಂದು ಕೆಂಪು ದಾರ. ಒಂದು ತುದಿಯಲ್ಲಿ ಆಗಲೇ ಎರಡು ಗಂಟು ಹಾಕಿಟ್ಟಿದ್ದಳು. ಸಿಕ್ಕ ತಕ್ಷಣ ಕಟ್ಟಿಬಿಡಲು.

ಆವತ್ತು ನಾನು ಅತ್ತೆ. ಹೆಂಡತಿ ಮೇಲಿನಿಂದ ಓಡಿಬಂದಳು. ನಾನು ಹೇಳಿರಲಿಲ್ಲವಾ ಎಂದು ಅವಳೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿರುತ್ತಿತ್ತು.

ಮರುದಿನದಿಂದ ನಾನು ಕೇಳಲು ಕೂತೆ, ಮೂವತ್ತೆರಡರಿಂದ. ಎರಡು ನಿಮಿಷವಲ್ಲ, ಪೂರ್ತಿ, ಎರಡೂ ಬದಿ. ಭಜನೆಗಳು ಮುಗಿದವು. ಹರಿಕಥೆಗಳು ಮುಗಿದವು. ಸೋಬಾನೆ ಎಲ್ಲಾ ಅಮ್ಮ ಕೇಳಿಯಾಗಿದ್ದ ಮೊದಲ ಸಾಲಿನಲ್ಲೇ ಇದ್ದವು, ಚಿಕ್ಕಮ್ಮ ಅಲ್ಲಿರಲಿಲ್ಲ. ಅರವತ್ತಾರನೆಯದು ಸಿಕ್ಕಿತು. ಲೇಬಲ್ಲಿನ ಮೇಲೆ ನನ್ನದೇ ಕಂದು ಅಕ್ಷರ: ಇತರೆ. ಶುರುವಿನಲ್ಲಿ ಪಾತ್ರೆಗಳ ಸದ್ದು, ಹೆಂಗಸರ ನಗು, ಯಾರೋ ಅಕ್ಕಿ ಕೇರುವ ಸದ್ದು. ಎರಡು ನಿಮಿಷ, ಅದಕ್ಕಿಂತ ಸ್ವಲ್ಪ ಹೆಚ್ಚು. ಇನ್ನೊಂದು ನಿಮಿಷ ಕಾದಿದ್ದರೆ ನನಗೂ ಕೇಳುತ್ತಿತ್ತು. ನಾನದನ್ನು ಸೋಬಾನೆಯ ಸಾಲಿಗೆ ಸೇರಿಸಿದ್ದರೆ ಅಮ್ಮನಿಗೆ ಯುಗಾದಿಯ ಹೊತ್ತಿಗೇ ಸಿಕ್ಕಿಬಿಡುತ್ತಿತ್ತು.

ಸದ್ದೆಲ್ಲ ಇಳಿದ ಮೇಲೆ ಚಿಕ್ಕಮ್ಮ ಪದ ಎತ್ತಿಕೊಂಡಳು. ನಾನು ಅಮ್ಮನ ಕೆಂಪು ದಾರವನ್ನು ಆ ಕ್ಯಾಸೆಟ್ಟಿನ ಡಬ್ಬಿಗೆ ಸುತ್ತಿ ಕಟ್ಟುತ್ತಾ ಕೇಳುತ್ತಿದ್ದೆ. ಮೂರನೇ ಸೊಲ್ಲು ಮುಗಿದ ಮೇಲೆ ಅವಳು ಹಾಡು ನಿಲ್ಲಿಸಿ ಕೂಗುತ್ತಾಳೆ: "ಅಕ್ಕಾ, ಎಲ್ಲಿದ್ದೀಯೇ? ಬಾರೇ ಇಲ್ಲಿ!" ದೂರದಲ್ಲಿ, ಒಲೆಯ ಹತ್ತಿರದಿಂದ ಇರಬೇಕು, ನನ್ನ ಅಮ್ಮನ ದನಿ, ನಾನು ಮರೆತೇಹೋಗಿದ್ದ ಅವಳ ಪ್ರಾಯದ ದನಿ.

"ನೀನ್ ಪದ ಹೇಳ್ತಿರೇ, ಬಂದೆ!"

ಮೂವತ್ತೊಂದರವರೆಗೆ ಬಂದಿದ್ದಳು.